ಪದ ಪರಿಚಯ: ಸುಳಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಎರೆಹೊಲಗಳಲ್ಲಿ ಬಿಳಿಜೋಳದ ನಡುವೆ ಸುತ್ತಿಕೊಂಡಿರುವ ಎಳೆಗರಿಯೇ ಸುಳಿ. ಸುಳಿನೊಣದ ಮರಿಹುಳು ಅದರ ಬುಡ ಕೊರೆದರೆ ಗರಿ ಒಣಗುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಹೊಳೆಯಲ್ಲಿ ನೀರು ಗಿರಗಿರ ತಿರುಗುವ ಜಾಗ, ಎತ್ತಿನ ಹಣೆಯ ಕೂದಲ ಸುತ್ತು, ಇವೂ ಸುಳಿಯೇ. ತೆಲುಗಿನ ಸುಡಿ, ತಮಿಳಿನ ಸುೞಿ ಇದರ ಒಡಹುಟ್ಟುಗಳು.

ವಿಜಯಪುರದ ಕಾಲೇಜುಗಳಲ್ಲಿ ಭೌತವಿಜ್ಞಾನ ಓದುವವರಿಗೂ ‘ವೋರ್ಟೆಕ್ಸ್’ ಎನ್ನಲು ‘ಆವರ್ತ’ಕ್ಕಿಂತ ಈ ಪದವೇ ಮೇಲು. 1957ರಲ್ಲಿ ಭೌತವಿಜ್ಞಾನಿ ಅಬ್ರಿಕೊಸೊವ್, ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕಗಳೊಳಗಿನ ಕಾಂತಸುಳಿಗಳನ್ನು ಗಣಿತದಿಂದ ತೋರಿಸಿದರು. 1973ರಲ್ಲಿ ನೀಲ್ಸನ್, ಓಲೆಸನ್ ಅಂಥವನ್ನೇ ಗೇಜ್ ಕ್ಷೇತ್ರ ಸಿದ್ಧಾಂತದಲ್ಲಿ ಕಂಡರು. ಸುಳಿಯ ನಟ್ಟನಡುವೆ, ಗೇಜ್ ಕ್ಷೇತ್ರದ ಜೊತೆಗಿರುವ ಅದಿಶ ಕ್ಷೇತ್ರದ ಬೆಲೆ ಸೊನ್ನೆ. ಸುಳಿಯನ್ನು ಒಮ್ಮೆ ಬಳಸಿ ಬಂದಾಗ ಆ ಅದಿಶ ಕ್ಷೇತ್ರ ತಿರುಗುವ ಸುತ್ತುಗಳ ಎಣಿಕೆ ಪೂರ್ಣಾಂಕ. ಸಮೀಕರಣದಲ್ಲಿ ಚಲನಶಕ್ತಿಯ ಭಾಗವನ್ನು ರೂಢಿಗಿಂತ ಬೇರೆಯಾಗಿ ಬರೆದರೆ ಸುಳಿಯ ಗಾತ್ರ, ಶಕ್ತಿ ಬದಲಾಗುತ್ತವೆ, ಎಣಿಕೆ ಮಾತ್ರ ಪೂರ್ಣಾಂಕವಾಗಿಯೇ ಉಳಿಯುತ್ತದೆ.