ದೀಪ ಆರಿಸಿದ ಮೇಲೆ

ಹಾಸಿಗೆಗೆ ಹೋದ ತಕ್ಷಣ ತಲೆಯೊಳಗೆ ಸಂತೆ ಶುರುವಾಗೋದು ಮೊಬೈಲ್ ತಂದ ಕಾಯಿಲೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ದೀಪ ಊದಿ ಮಲಗುತ್ತಿದ್ದ ಕಾಲದ ಕನ್ನಡ ಕಥೆಯೊಂದರಲ್ಲೇ ಈ ಸಂಕಟ ಇದೆ.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ನಮ್ಮ ಜನರ ಬಾಯಲ್ಲಿದ್ದ ಕಥೆಗಳನ್ನು ವರ್ಷಗಟ್ಟಲೆ ಕೂಡಿಟ್ಟರು. ಅವರು ತೀರಿಕೊಂಡ ಮೇಲೆ, 1997ರಲ್ಲಿ, ಅಂಥ 77 ಕನ್ನಡ ಕಥೆಗಳು ಇಂಗ್ಲಿಷಿನಲ್ಲಿ ಪುಸ್ತಕವಾದವು. ಅದರಲ್ಲೊಬ್ಬ ಗೃಹಿಣಿ. ಅವಳಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು. ಯಾರಿಗೂ ಹೇಳಿಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಹಾರಿದವು. ಕಥೆ ಬಾಗಿಲ ಬಳಿ ಬೂಟಾಗಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ, ನೋಡಿದ. ಯಾರದಿದು? ಅವಳಿಗೂ ಗೊತ್ತಿಲ್ಲ. ಜಗಳವಾಗಿ ಅವನು ಕಂಬಳಿ ಹೊತ್ತು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಹರಟೆ ಹೊಡೆಯಲು ಸೇರುತ್ತಿದ್ದದ್ದೂ ಅದೇ ಗುಡಿಯಲ್ಲಿ. ತಡವಾಗಿ ಬಂದ ಅವನ ಮನೆ ದೀಪ ನಡೆದದ್ದನ್ನೆಲ್ಲ ಹೇಳಿತು. ಅವನ ಅನುಮಾನ ಕರಗಿತು. ಬೆಳಗ್ಗೆ ಮನೆಗೆ ಹೋಗಿ ಕಥೆ, ಹಾಡು ಕೇಳಿದರೆ ಅವಳು ಎರಡನ್ನೂ ಮರೆತಿದ್ದಳು.

ದೀಪಗಳ ಈ ಹರಟೆ ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೂ ಬಂತು. ಇದನ್ನು ಗಂಡನ ಅನುಮಾನದ ಕಥೆ ಅಂತ ಓದೋರೇ ಜಾಸ್ತಿ. ನನಗೆ ಕಾಡೋದು ಹೆಂಡತಿ. ದೀಪಗಳಿಗೂ ಮಾತಾಡಿ ಹಗುರಾಗೋಕೆ ಒಂದು ಗುಡಿ ಇತ್ತು, ಅವಳಿಗೆ ಇರಲಿಲ್ಲ.

ನಮ್ಮ ಗಾವಡಗೆರೆ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನುಗಳಿಗೆ ರಾತ್ರಿಯೂ ಸೌದೆ ಹಾಕ್ತಿರಬೇಕು. ಒಮ್ಮೆ ಸೊಪ್ಪು ಏರಿಸಿದರೆ ಐದಾರು ದಿನ ಶಾಖ ಏರುಪೇರಾಗುವಂತಿಲ್ಲ. ಸಾಲ, ಹರಾಜಿನ ರೇಟು, ಮಗಳ ಫೀಸು, ಎಲ್ಲ ಆ ಬೆಂಕಿ ಮುಂದೆಯೇ ತಲೆಗೆ ಬರೋದು. ಒಬ್ಬ ಹೇಳ್ತಾನೆ, ಇನ್ನೊಬ್ಬ ‘ಹೂಂ’ ಅಂತಾನೆ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗಲೂ ಇದೇ ಕಾನೂನು: ಹೂಂಗುಟ್ಟದಿದ್ದರೆ ಕಥೆ ಮುಂದಕ್ಕೆ ಹೋಗಲ್ಲ. ಹೂಂ ನಿಂತರೆ ಮಗು ಮಲಗಿತು ಅಂತ ಲೆಕ್ಕ. ಪರಿಹಾರ ಸಲಹೆಯಲ್ಲ ಅನ್ನೋದನ್ನು ಗಮನಿಸಿ, ಬರೀ ಹೂಂ.

2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಮಲಗೋ ಮುಂಚೆ 5 ನಿಮಿಷ, ಕೆಲವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮುಗಿಸಿದ ಕೆಲಸಗಳನ್ನು. ಬಾಕಿ ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಬಿಡಿಸಿ ಬರೆದಷ್ಟೂ ಇನ್ನೂ ಬೇಗ. ಮುಗಿದದ್ದನ್ನು ನೆನೆದರೆ ನೆಮ್ಮದಿ ಅಂತ ನಾವು ಅಂದುಕೊಳ್ಳೋದು, ಆದರೆ ಒಳಗೆ ಬಡಿದಾಡ್ತಿರೋದು ಮುಗಿಯದೇ ಇದ್ದದ್ದು.

ಬೆಂಗಳೂರಿನ ಒಂಟಿ ರೂಮಿನಲ್ಲಿ ಹೂಂ ಅನ್ನೋರು ಯಾರೂ ಇಲ್ಲ. ತರಕಾರಿ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದು ಲೈಟ್ ಆರಿಸ್ತೀನಿ. ಭಾನುವಾರ ಮಾತ್ರ ಅಮ್ಮನಿಗೆ ಫೋನ್ ಮಾಡಿ ಅವಳ ಕಡೆ ಬಾಕಿ ಏನಿದೆ ಅಂತ ಕೇಳ್ತೀನಿ. ಏನಿಲ್ಲ ಬಿಡು ಅಂತಾಳೆ, ಆಮೇಲೆ ಮುಕ್ಕಾಲು ಗಂಟೆ ಮಾತಾಡ್ತಾಳೆ.