ಬದುಕಿ ಬಂದವನಿಗೆ ಜಾಗ ಎಲ್ಲಿ?

ಸೈನಿಕ ಹುತಾತ್ಮನಾದರೆ ಊರೆಲ್ಲ ಮೆರವಣಿಗೆ ಮಾಡ್ತೀವಿ. ಬದುಕಿ ಬಂದರೆ? ನಾನು ಕೇಳ್ತಿರೋದು ಇದನ್ನೇ.

1915ರ ಡಿಸೆಂಬರ್. ಬೆಲ್ಜಿಯಂನ ಪೋಪರಿಂಗೆ ಪಟ್ಟಣ. ರಣರಂಗದಿಂದ ದಣಿದು ಬಂದವರಿಗಾಗಿ ಫಿಲಿಪ್ ಕ್ಲೇಟನ್ ಎಂಬ ಪಾದ್ರಿ ಟಾಲ್ಬಟ್ ಹೌಸ್ ತೆರೆದರು. ಚಹಾ, ಪುಸ್ತಕ, ಪಿಯಾನೊ, ಹರಟೆ. ಹೊಸ್ತಿಲು ದಾಟಿದರೆ ಅಧಿಕಾರಿ, ಸಿಪಾಯಿ ಅನ್ನೋ ಭೇದವೇ ಇಲ್ಲ! 1921ರಲ್ಲಿ ಬ್ರಿಟನ್ನಿನ ನಾಲ್ಕು ಮಾಜಿ ಸೈನಿಕರ ಸಂಘಗಳು ಒಂದಾಗಿ ಬ್ರಿಟಿಷ್ ಲೀಜನ್ ಆಯಿತು. ಅದರ ಶಾಖೆಗಳು ಅನೇಕ ಊರುಗಳಲ್ಲಿ ಕ್ಲಬ್ ನಡೆಸಿದವು.

ನಮ್ಮಲ್ಲಿ ಈ ನೋವು ಅರಿತವರು ಕೊಡಗಿನ ಕಾರಿಯಪ್ಪ. 1949ರಲ್ಲಿ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, 1953ರಲ್ಲಿ ನಿವೃತ್ತಿ. ಆದರೂ ಸುಮ್ಮನೆ ಕೂರಲಿಲ್ಲ. 1964ರಲ್ಲಿ ಮಾಜಿ ಸೈನಿಕರ ಲೀಗ್ ಕಟ್ಟಿದರು.

ಸಿಪಾಯಿ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರ್ತಾನೆ. ಮುಂದೆ ಅರ್ಧ ಆಯುಷ್ಯ ಬಾಕಿ. ಪಿಂಚಣಿ ಕಾಗದಕ್ಕೆ ಸಂಘ ಬೇಕು, ನಿಜ. ಮನಸ್ಸು ಬಿಚ್ಚಿ ಮಾತಾಡೋಕೆ? ತಾಲ್ಲೂಕಿಗೊಂದು ಕೋಣೆ, ನಾಲ್ಕು ಕುರ್ಚಿ, ಒಂದು ಕೇರಂ ಬೋರ್ಡ್ ಸಾಕು. ಊರವರಿಗೂ ಬಾಗಿಲು ತೆರೆದಿರಲಿ. ಕಲ್ಲಿನ ಸ್ಮಾರಕಕ್ಕೆ ಹೂವು ಹಾಕೋ ನಾವು, ಜೀವಂತ ಯೋಧನ ಜತೆ ಒಂದು ಲೋಟ ಚಹಾ ಕುಡಿಯಬಾರದೇ?