ಹಳದಿ ತ್ರಿಕೋನ

ಹುಟ್ಟಿದ ಎರಡನೆಯ, ಮೂರನೆಯ ದಿನಕ್ಕೆ ಕೂಸಿನ ಕಣ್ಣು, ಮೈ ಹಳದಿಯಾದರೆ ಈಗ ಮನೆಯಲ್ಲಿ ಯಾರೂ ಅಷ್ಟಾಗಿ ಬೆಚ್ಚುವುದಿಲ್ಲ. "ಲೈಟಿನಲ್ಲಿ ಇಟ್ಟಿದ್ದಾರಂತೆ" ಎಂದು ಫೋನಿನಲ್ಲಿ ಹೇಳಿ ಮುಗಿಸುತ್ತೇವೆ. ಆ ಲೈಟಿನ ಕಥೆ ಶುರುವಾದದ್ದು ಒಬ್ಬ ನರ್ಸಮ್ಮನ ಕಣ್ಣಿನಿಂದ.

ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ರಾಚ್‌ಫರ್ಡ್ ಎಂಬ ಊರು. ಅಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಜೀನ್ ವಾರ್ಡ್. ಪೆಟ್ಟಿಗೆಯೊಳಗಿನ ಬಿಸಿಗಾಳಿಗಿಂತ ಹೊರಗಿನ ಗಾಳಿ, ಬಿಸಿಲೇ ಕೂಸುಗಳಿಗೆ ಹಿತವೆಂದು ಆಕೆಯ ನಂಬಿಕೆ. ಹವೆ ಚೆನ್ನಾಗಿದ್ದ ದಿನ ಅವನ್ನು ಅಂಗಳಕ್ಕೆ ಒಯ್ಯುತ್ತಿದ್ದರು. (ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುತ್ತಿದ್ದ ನಮ್ಮಜ್ಜಿಯರ ನೆನಪಾಗುವುದಿಲ್ಲವೆ?) 1956ರ ಬೇಸಿಗೆಯಲ್ಲಿ ಒಂದು ದಿನ, ವಾರ್ಡಿಗೆ ಬಂದ ವೈದ್ಯರ ಮುಂದೆ ಆಕೆ ಕೊಂಚ ಅಳುಕುತ್ತಲೇ ಒಂದು ಕೂಸಿನ ಬಟ್ಟೆ ಸರಿಸಿದರು. ಮೈಯೆಲ್ಲ ಬಿಳುಪು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಅಯೊಡಿನ್ ಏನಾದರೂ ಬಳಿದಿರಾ ಎಂದು ವೈದ್ಯರು ಕೇಳಿದರಂತೆ. ಇಲ್ಲ, ಅಲ್ಲಿ ಹೊದಿಕೆಯ ಮೂಲೆ ಬಿದ್ದಿತ್ತು, ಅಷ್ಟೆ. ಆ ಹಳದಿ ಹೊಸದಾಗಿ ಬಂದದ್ದಲ್ಲ. ಉಳಿದ ಕಡೆ ಹೋಗಿತ್ತು!

ಆಗ ಅದನ್ನು ಯಾರೂ ಬೆನ್ನುಹತ್ತಲಿಲ್ಲ. ಕೆಲವು ವಾರಗಳ ಮೇಲೆ, ಕಿಟಕಿಯ ಬಿಸಿಲಿನಲ್ಲಿ ಮರೆತು ಉಳಿದ ಒಂದು ರಕ್ತದ ಕೊಳವೆಯಲ್ಲಿ ಕಾಮಾಲೆಯ ಅಂಶ ಇರಬೇಕಾದುದಕ್ಕಿಂತ ಬಹಳ ಕಡಿಮೆ ಬಂತು. ಆಗ ಡಾ. ಕ್ರೆಮರ್ ಎಚ್ಚೆತ್ತರು. ನೀಲಿ ಟ್ಯೂಬ್‌ಲೈಟುಗಳನ್ನು ಜೋಡಿಸಿ ತೊಟ್ಟಿಲ ಮೇಲೆ ಇರಿಸಿದರು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಬಂತು. ಲೇಖಕರು ಕ್ರೆಮರ್, ಪೆರಿಮನ್, ರಿಚರ್ಡ್ಸ್. ಸಿಸ್ಟರ್ ವಾರ್ಡ್ ಆ ಸಾಲಿನಲ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರೇ ಬಿಟ್ಟುಹೋಗಿರುವುದನ್ನು ಕಂಡ ಹಾಗೆ ನನಗೆ ಕಸಿವಿಸಿ. ಅಮೆರಿಕದವರಂತೂ ಹತ್ತು ವರ್ಷ ಕಿವಿಗೊಡಲಿಲ್ಲ. 1968ರಲ್ಲಿ ವರ್ಮಾಂಟಿನ ಡಾ. ಲೂಸಿ ಪ್ರಯೋಗ ಮಾಡಿ ತೋರಿಸಿದ ಮೇಲೆ ಒಪ್ಪಿದರು.

ರಕ್ತದ ಕೆಂಪುಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಎಳೆಕೂಸಿನ ಪಿತ್ತಜನಕಾಂಗ ಅದನ್ನು ಬೇಗ ಹೊರಹಾಕಲಾರದು. ಮಿತಿಮೀರಿ ಮಿದುಳಿಗೆ ಸೇರಿತೋ, ಕಿವುಡು, ಕೈಕಾಲು ಸ್ವಾಧೀನ ತಪ್ಪುವುದು, ಸಾವು ಕೂಡ. ಮೊದಲೆಲ್ಲ ಮೈಯ ರಕ್ತವನ್ನೇ ಬದಲಾಯಿಸಬೇಕಿತ್ತು. ನೀಲಿ ಬೆಳಕು ಬಿಲಿರುಬಿನ್ನಿನ ಆಕಾರ ಬದಲಿಸಿ, ಪಿತ್ತ, ಮೂತ್ರದಲ್ಲಿ ಹರಿದುಹೋಗುವಂತೆ ಮಾಡುತ್ತದೆ.

ಆದರೆ ಬೆಳಕೂ ಔಷಧಿಯಂತೆಯೇ, ಬೇರೆ ಪರಿಣಾಮಗಳುಂಟು. ಲೈಟಿನ ಕೆಳಗಿದ್ದ, ದಿನ ತುಂಬದ ಮಕ್ಕಳ ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಳಿಯುವುದನ್ನು 1979ರಲ್ಲಿ ಇಟಲಿಯ ವೈದ್ಯರು ವರದಿ ಮಾಡಿದರು. ಬೆಳಕು ಮೆಲಟೊನಿನ್ ಎಂಬ ರಸವನ್ನು ತಗ್ಗಿಸುವುದೇ ಕಾರಣವಿರಬಹುದೆಂದು ಊಹೆ. 1981ರಲ್ಲಿ ಎಳೆಯ ಇಲಿಗಳಿಗೆ ಮೆಲಟೊನಿನ್ ಕೊಟ್ಟು ನೋಡಿದಾಗ ಕ್ಯಾಲ್ಸಿಯಂ ಇಳಿಯಲಿಲ್ಲ. ಕೂಸುಗಳಿಗೆ ಟೋಪಿ ಹಾಕಿ ತಲೆ ಮುಚ್ಚಿ ನೋಡುವ ಪ್ರಯೋಗಗಳೂ ನಡೆದವು! ಸೋಡಿಯಂ, ಪೊಟ್ಯಾಸಿಯಂ ತುಸು ಏರಿಳಿದದ್ದನ್ನೂ ಕೆಲವರು ಕಂಡಿದ್ದಾರೆ. ಚರ್ಮದಿಂದ ನೀರಿನಂಶ ಆರುತ್ತದೆ, ಭೇದಿಯೂ ಆಗಬಹುದು. ಕ್ಯಾಲ್ಸಿಯಂ ಸಾಮಾನ್ಯವಾಗಿ ಅಲ್ಪವೇ ಇಳಿಯುತ್ತದೆ, ಲೈಟು ತೆಗೆದ ಮೇಲೆ ಸರಿಹೋಗುತ್ತದೆ. ಹೆಚ್ಚು ಇಳಿದರೆ ಮಾತ್ರ ಕೈಕಾಲು ನಡುಗುತ್ತದೆ, ಅಪರೂಪಕ್ಕೆ ಫಿಟ್ಸ್ ಬರುತ್ತದೆ.

ನನ್ನ ಮಗಳ ಕೂಸು ಎಂಟು ತಿಂಗಳಿಗೇ ಹುಟ್ಟಿ ಎರಡು ದಿನ ಲೈಟಿನಲ್ಲಿತ್ತು. "ಮನೆಗೆ ಕರೆದುಕೊಂಡು ಹೋಗಿ ಬೆಳಗಿನ ಬಿಸಿಲಿಗೆ ಹಿಡಿಯೋಣ" ಎಂದು ಬೀಗಿತ್ತಿ ಹಟ ಹಿಡಿದರು. "ಅಷ್ಟು ಬಿಸಿಲು ಸಾಲದಮ್ಮ, ಎಷ್ಟು ಬಿತ್ತು ಅಂತ ಅಳೆಯೋಕೂ ಆಗಲ್ಲ" ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಕ್ಯಾಲ್ಸಿಯಂ ಪರೀಕ್ಷೆಗೂ ರಕ್ತ ತೆಗೆದರು; ಸರಿಯಿತ್ತು. ಅಲ್ಲಿನ ಸಿಸ್ಟರು ಹುಡುಗಿ ಗಂಟೆ ನೋಡಿ ಹಾಲು ಕುಡಿಸಲು ಮಗಳನ್ನು ಕರೆಯುತ್ತಿದ್ದಳು, ಒದ್ದೆ ಬಟ್ಟೆ ಎಣಿಸಿ ಬರೆದಿಡುತ್ತಿದ್ದಳು. ಎರಡನೆಯ ಸಂಜೆ ಆಕೆ ಕೂಸಿನ ಕಣ್ಣಿನ ಪಟ್ಟಿ ಬಿಚ್ಚಿದಳು. ಮೈಯೆಲ್ಲ ತಿಳಿಯಾಗಿತ್ತು. ಪಟ್ಟಿ ಇದ್ದ ಕಡೆ ಮಾತ್ರ, ಕಿವಿಯಿಂದ ಕಿವಿಗೆ, ಅರಿಶಿನ ಹಚ್ಚಿದ ಹಾಗೆ ಒಂದು ಹಳದಿ ಗೆರೆ ಉಳಿದಿತ್ತು.